ಭೂಕಂಪವೂ ಮಾಳಿಗೆಯ ಮನೆಯೂ

ಧಾರವಾಡದ ಹೆಸರು ಭೂಗರ್ಭಶಾಸ್ತ್ರದಲ್ಲಿ ಸುಪ್ರಸಿದ್ಧವಾದುದು. ರಾಬರ್ಟ್ ಬ್ರೂಸ್ ಫೂಟ್ ಎಂಬ ಶೋಧಕರು 19ನೆಯ ಶತಕದ ಉತ್ತರಾರ್ಧದಲ್ಲಿ ದಕ್ಷಿಣಾಪಥದ ಅತಿ ಪ್ರಾಚೀನವಾದ ಶಿಲಾಸಮೂಹವೊಂದಕ್ಕೆ ಈ ಊರಿನ ಹೆಸರನ್ನೇ ಇಟ್ಟರು. ಇಂಥ ಪುರಾತನ ಶಿಲೆಯ ಮೇಲೆ ನಿಂತ ನಾಡು ಅಲುಗದೆಂಬ ನಂಬುಗೆಯು ವಿದ್ವಾಂಸರಲ್ಲಿಯೂ ಬಹುಕಾಲ ಉಳಿದಿತ್ತು. ಆ ನಂಬುಗೆಯು ಹೇಗೆ ಸಡಿಲಾಯಿತು, ಅದರಿಂದ ನಾವು ಕಲಿಯತಕ್ಕುದೇನು ಎಂಬದನ್ನು ಇಲ್ಲಿ ವಿಚಾರಿಸುವೆವು.

1843ನೆಯ ಇಸವಿ ಏಪ್ರಿಲ್ 1ರಂದು ಬಳ್ಳಾರಿಯ ಸೀಮೆ ಕಂಪಿಸಿತು. 1967ನೆಯ ಡಿಸೆಂಬರ್ 11ರ ಬೆಳಗಿನ ಜಾವದಲ್ಲಿ ಕೊಯ್ನಾ ಜಲಾಶಯದ ಬಳಿ ಹುಟ್ಟಿದ ನಡುಕವು ನಮ್ಮ ಪ್ರಾಂತವನ್ನು ದಾಟಿ ಬೆಂಗಳೂರಿನ ವರೆಗೂ ಹಬ್ಬಿತು. 1993ನೆಯ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿಯನ್ನು ಕಳುಹಿಸಿ ಜನರು ಮಲಗಿದ್ದಾಗ, ಬೀದರ ಕಲಬುರ್ಗಿಗಳಿಗೆ ನೆರೆಯಾದ ಲಾತೂರ ಜಿಲ್ಲೆಯ ಕಿಲ್ಲಾರಿಯ ಸುತ್ತಲೂ ನೆಲ ನಡುಗಿ ಸುಮಾರು 10,000 ಜನರು ಮಡಿದರು. ಆ ಭೂಕಂಪದ ಪ್ರಮಾಣವಾದರೋ 6.2 ಮಾತ್ರ. ಅಂದಿನ ಸರಕಾರಿ ನಕ್ಷೆಯಲ್ಲಿ ಆ ಸೀಮೆಯು ಅತ್ಯಲ್ಪ ಅಪಾಯದ ವಲಯದಲ್ಲಿತ್ತು.

ಇಷ್ಟು ಪ್ರಾಣಹಾನಿಗೆ ಕಾರಣವು ಮನೆಯ ಕಟ್ಟಡದಲ್ಲಿದೆ. ದಪ್ಪ ಗೋಡೆಗೆ ಒಳಗೊಂದು ಹೊರಗೊಂದು ಕಾಡುಗಲ್ಲಿನ ಮೈ. ನಡುವೆ ಮಣ್ಣು, ಚೂರುಗಲ್ಲು. ಎರಡೂ ಮೈಗಳನ್ನು ಹಿಡಿದಿಡುವ ಉದ್ದಗಲ್ಲುಗಳಿಲ್ಲ. ಮೇಲೆ ಮಣ್ಣಿನ ಮಾಳಿಗೆ. ಮಳೆಗಾಲಕ್ಕೆ ಮುಂಚೆ ಸೋರದಂತೆ ವರುಷ ವರುಷವೂ ಹೊಸ ಮಣ್ಣು ಹಾಕುತ್ತ ಬಂದುದರಿಂದ ಅದರ ಭಾರವು ತಲೆಮಾರಿನಿಂದ ತಲೆಮಾರಿಗೆ ಬೆಳೆದಿತ್ತು. ಕಂಬ, ತೊಲೆ, ಜಂತಿಗಳು ಭದ್ರವಾಗಿದ್ದ ಕೆಲವೆಡೆ ಗೋಡೆ ಬಿದ್ದರೂ ಮಾಳಿಗೆ ನಿಂತಿತು. ಹುಲ್ಲು ಹೊದಿಸಿದ ಹಗುರಾದ ಗುಡಿಸಲಿನ ಬಡವರಿಗೆ ಅಷ್ಟು ಹಾನಿಯಾಗಲಿಲ್ಲ.

ಇದು ಬಡನಾಡಿನ ದುರ್ದೈವವೆಂದು ಕೆಲವರು ಹೇಳಬಹುದು. ಆ ಮಾತು ಪೂರ್ತಿಯಾಗಿ ನಿಲ್ಲದು. 1995ನೆಯ ಜನವರಿ 17ರ ಬೆಳಿಗ್ಗೆ ಐಶ್ವರ್ಯವಂತವಾದ ಜಪಾನಿನ ಕೋಬೆ ನಗರವೂ ಅದರ ಪರಿಸರವೂ ನಡುಗಿದಾಗ 6,400ಕ್ಕೂ ಮಿಕ್ಕಿ ಜನರು ಸತ್ತರು. ಅವರಲ್ಲಿ ಬಹುಪಾಲು ಜನರು ಹಳೆಯ ಕಟ್ಟಿಗೆಯ ಮನೆಗಳಡಿಯಲ್ಲಿ ಸಿಕ್ಕವರು. ಬಿರುಗಾಳಿಗೆ ಹಾರದಿರಲೆಂದು ಅಲ್ಲಿ ಮಾಡಿನ ಮೇಲೆ ಭಾರವಾದ ಹಂಚು ಹಾಕುವದು ವಾಡಿಕೆ. ನಮ್ಮಲ್ಲಿ ಮಳೆಗಂಜಿ ಮಣ್ಣು ಹೇರಿದೆವು. ಅವರು ಗಾಳಿಗಂಜಿ ಹಂಚು ಹೇರಿದರು. ಪ್ರತಿವರುಷ ಬರುವ ಶತ್ರುವಿಗಾಗಿ ಕಟ್ಟಿದ ಮನೆಯು ಅಪರೂಪಕ್ಕೆ ಬರುವ ಶತ್ರುವಿಗೆ ಎರಡೂ ಕಡೆ ಸಹಾಯಕವಾಯಿತು.

ಭೇದವು ಮುಂದಿನ ಕ್ರಮದಲ್ಲಿದೆ. ಜಪಾನಿನಲ್ಲಿ 1981ರ ನಿಯಮಗಳಂತೆ ಕಟ್ಟಿದ ಮನೆಗಳು ಬಹುಮಟ್ಟಿಗೆ ನಿಂತಿದ್ದವು. ಆದುದರಿಂದ ಹಳೆಯ ಕಟ್ಟಡಗಳನ್ನು ಬಲಪಡಿಸುವ ಕಾಯಿದೆಯು ಅದೇ 1995ರಲ್ಲಿಯೇ ಹುಟ್ಟಿತು. ಇತ್ತ ಕಿಲ್ಲಾರಿಯ ಕಡೆ ಹಾಳಾದ ಹಳ್ಳಿಗಳನ್ನು ಹೊಸ ನೆಲೆಗಳಲ್ಲಿ ಕಟ್ಟಲಾಯಿತು. 2002ರಲ್ಲಿ ನಮ್ಮ ದೇಶದ ನಕ್ಷೆಯಿಂದ ಅತ್ಯಲ್ಪ ಅಪಾಯದ ಮೊದಲನೆಯ ವಲಯವನ್ನೇ ತೆಗೆದುಹಾಕಿದರು. ಆ ಪರಿಷ್ಕರಣದಲ್ಲಿ ಧಾರವಾಡವು ಮೂರನೆಯ ವಲಯದಲ್ಲಿ ಗಣಿತವಾಯಿತು.

ಆದರೆ ನಕ್ಷೆ ಬದಲಾದ ಮಾತ್ರಕ್ಕೆ ಗೋಡೆ ಬಲವಾಗದು. ನಮ್ಮ ಹಳ್ಳಿಗಳಲ್ಲಿ ಮಾಳಿಗೆಯ ಮನೆಗಳು ಇನ್ನೂ ಉಂಟು. ಹೊಸ ಮಣ್ಣು ಹಾಕುವ ಮೊದಲು ಹಳೆಯದನ್ನು ಕೆರೆದು ತೆಗೆಯುವದು, ಗೋಡೆಯ ಎರಡು ಮೈಗಳನ್ನು ಉದ್ದಗಲ್ಲಿನಿಂದ ಬೆಸೆಯುವದು, ಕಂಬ ತೊಲೆಗಳ ಕೂಡಿಕೆಯನ್ನು ಭದ್ರಪಡಿಸುವದು—ಇವು ಐಶ್ವರ್ಯವನ್ನು ಬೇಡುವ ಕೆಲಸಗಳಲ್ಲ. ಶಿಲೆಯು ಪ್ರಾಚೀನವೆಂಬ ಅಭಿಮಾನ ನಮಗಿರಲಿ. ಆದರೆ ನಾವು ಮಲಗುವದು ಶಿಲೆಯ ಮೇಲಷ್ಟೇ ಅಲ್ಲ, ಮಾಳಿಗೆಯ ಕೆಳಗೆ ಎಂಬದನ್ನು ಮರೆಯಲಾಗದು.