ಗೋಲಿ ಆಡಿಸಿದ ಅಗ್ಗದ ಕಂಪ್ಯೂಟರ್

ಗೇಮಿಂಗ್ ಪಿಸಿ ಜೋಡಿಸಲು ಎಷ್ಟು ಬೇಕು ಅಂತ ನಮ್ಮ ಕಮಲಾಪುರದ ಕಡೆ ಹುಡುಗರು ಲೆಕ್ಕ ಹಾಕುತ್ತಾರೆ. ಗ್ರಾಫಿಕ್ಸ್ ಕಾರ್ಡ್ ಬೆಲೆ ಬಂದ ಕೂಡಲೇ ಲೆಕ್ಕ ನಿಲ್ಲುತ್ತೆ. ಇಂಥದ್ದೇ ಲೆಕ್ಕವನ್ನು 1999ರ ಸುಮಾರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು, ಎನ್‌ಕೋರ್ ಕಂಪನಿಯ ಎಂಜಿನಿಯರುಗಳು ಹಳ್ಳಿಗಾಗಿ ಹಾಕಿದ್ದರು. ಹುಟ್ಟಿದ್ದು ಅಂಗೈಯಲ್ಲಿ ಹಿಡಿಯುವ ಸಿಂಪ್ಯೂಟರ್.

ಕೀಬೋರ್ಡ್ ಬಿಟ್ಟರು, ಹಾರ್ಡ್ ಡಿಸ್ಕ್ ಬಿಟ್ಟರು. ವಿಂಡೋಸ್ ಬದಲು ದುಡ್ಡು ಕೊಡಬೇಕಿಲ್ಲದ ಲಿನಕ್ಸ್ ಹಾಕಿದರು. ಮನೆಗೊಂದು ಯಾಕೆ, ಹತ್ತಾರು ಜನ ಒಂದನ್ನೇ ಬಳಸಲಿ, ಅವರವರ ಮಾಹಿತಿ ಅವರವರ ಸ್ಮಾರ್ಟ್ ಕಾರ್ಡಿನಲ್ಲಿರಲಿ ಎಂದರು. ಇಡೀ ಯೋಜನೆಯ ಜಾಣತನ ಈ ಕಾರ್ಡಿನಲ್ಲೇ ಇತ್ತು ಅಂತ ನನಗನಿಸುತ್ತೆ.

2004ರಲ್ಲಿ ಬಿಇಎಲ್ ತಯಾರಿಸಿದ 'ಅಮಿಡಾ' ಮಾದರಿ ಮಾರುಕಟ್ಟೆಗೆ ಬಂತು. ಬೆಲೆ ಸುಮಾರು 10,000 ರೂಪಾಯಿಯಿಂದ ಶುರು. ಅದರಲ್ಲೊಂದು ಗೋಲಿ ಆಟವಿತ್ತು: ಯಂತ್ರವನ್ನು ಓರೆ ಮಾಡಿದರೆ ಪರದೆಯ ಮೇಲೆ ಗೋಲಿ ಉರುಳುತ್ತಿತ್ತು. ಈಗ ಫೋನ್ ವಾಲಿಸಿ ಕಾರ್ ಓಡಿಸುತ್ತೀರಲ್ಲ, ಹಾಗೆ. ಐಫೋನ್ ಬರಲು ಇನ್ನೂ ಮೂರು ವರ್ಷ ಇತ್ತು!

ಆದರೆ ಕೂಲಿ ಮಾಡುವ ಮನೆಗೆ ಆ ದುಡ್ಡು ತಿಂಗಳುಗಟ್ಟಲೆ ದುಡಿಮೆ. 50,000 ಮಾರುವ ಆಸೆಯಿತ್ತು. 2005ರ ಹೊತ್ತಿಗೆ ಹೋದದ್ದು 4,000ದಷ್ಟು. ಅಷ್ಟರಲ್ಲಿ ಅದಕ್ಕಿಂತ ಎಷ್ಟೋ ಅಗ್ಗದ ನೋಕಿಯಾ 1100 ಹಳ್ಳಿ ಸೇರಿತ್ತು, ಹಾವಿನ ಆಟದ ಸಮೇತ.