ಶಾಲೆಯ ಮತಪೆಟ್ಟಿಗೆ, ಸಂಘದ ಮಹಾಸಭೆ

ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸಾಲ, ಠೇವಣಿ, ಗೊಬ್ಬರದ ಲೆಕ್ಕ ಬೇರೆ ಪುಟಗಳಲ್ಲಿ ಇದ್ದೇ ಇದೆ. ನಾವು ಇಲ್ಲಿ ಬರೆಯುತ್ತಿರುವುದು ಓಟಿನ ಚರಿತ್ರೆ ಮತ್ತು ಅದನ್ನು ಹೈಸ್ಕೂಲು ಮಕ್ಕಳಿಗೆ ಕಲಿಸುವ ವಿಚಾರ.

ಸಹಕಾರ ಸಂಘಗಳ ಕಾನೂನು ಬಂದದ್ದು 1904ರಲ್ಲಿ. ಮರುವರ್ಷವೇ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. ಆಗ ಸಾಮಾನ್ಯ ರೈತನಿಗೆ ಸರಕಾರ ಆರಿಸುವ ಹಕ್ಕೇ ಇರಲಿಲ್ಲ. ಆದರೆ ಅಂಥ ಹಳ್ಳಿ ಸಂಘದ ಸಭೆಯಲ್ಲಿ ಯಾರು ಎಷ್ಟೇ ಹಣ ಹಾಕಿರಲಿ, ಒಬ್ಬನಿಗೆ ಒಂದೇ ಓಟು. ವಯಸ್ಕರೆಲ್ಲರಿಗೂ ಲೋಕಸಭೆಗೆ ಓಟು ಹಾಕುವ ಅವಕಾಶ ಸಿಕ್ಕಿದ್ದು 1951-52ರಲ್ಲಿ. ಅಂದರೆ ಅದಕ್ಕೂ ನಲವತ್ತೈದು ವರ್ಷ ಮುಂಚೆಯೇ ಹಳ್ಳಿಗರು ಪ್ರಜಾಪ್ರಭುತ್ವದ ಅಆಇಈ ಕಲಿತದ್ದು ಸಹಕಾರ ಸಂಘದಲ್ಲಿ.

1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಎಸ್.ಎಸ್.ಎಲ್.ಸಿ. ಆಗಿ ಎರಡು ಮೂರು ವರ್ಷಕ್ಕೇ ಓಟು ಕೈಗೆ ಬರುತ್ತದೆ. ಕಾಲೇಜು ಮೆಟ್ಟಿಲು ಹತ್ತದವರಿಗೆ ಹೈಸ್ಕೂಲೇ ಕೊನೆಯ ಪಾಠ. ನಾವು ಓದುವಾಗ ಪೌರನೀತಿ ಅಂದರೆ ರಾಷ್ಟ್ರಪತಿಗಳ ಅಧಿಕಾರ ಬಾಯಿಪಾಠ ಮಾಡೋದು. ಈಗ ಅದು ರಾಜ್ಯಶಾಸ್ತ್ರ. ಜೊತೆಗೆ ಶಾಲಾ ಸಂಸತ್ತು ಇದೆ. ನಾಮಪತ್ರ, ಚಿಹ್ನೆ, ಗುಟ್ಟಿನ ಮತದಾನ, ಎಣಿಕೆ, ಪ್ರಮಾಣವಚನ ಎಲ್ಲವನ್ನೂ ಮಕ್ಕಳು ಮಾಡಿಯೇ ಕಲಿಯುತ್ತಾರೆ.

1995ರ ಹೊತ್ತಿಗೆ ಕುಂದಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಮಕ್ಕಳ ಪಂಚಾಯತಿ ಶುರುವಾಯಿತು. ಮಕ್ಕಳು ತಾವೇ ಆರಿಸಿದ ಪ್ರತಿನಿಧಿಗಳ ಮೂಲಕ ಊರ ಹಿರಿಯರ ಮುಂದೆ ತಮ್ಮ ತೊಂದರೆ ಇಟ್ಟರು. ಆಮೇಲೆ ಮಕ್ಕಳ ಗ್ರಾಮ ಸಭೆ ರಾಜ್ಯಕ್ಕೆಲ್ಲ ಬಂತು.

ಇದು ಸಂಘಕ್ಕೆ ಏಕೆ ಬೇಕು ಅಂತ ಕೆಲವರು ಕೇಳಬಹುದು. ಮಹಾಸಭೆಗೆ ಬಂದು ಸಹಿ ಹಾಕಿ, ಚಹಾ ಕುಡಿದು ಹೊರಡುವ ಸದಸ್ಯರು ಹೆಚ್ಚಾದಂತೆ ಸಂಘ ನಾಲ್ಕು ಜನರ ಕೈಗೆ ಹೋಗುತ್ತದೆ. ಜಮಾಖರ್ಚು ಓದಿ, ಎದ್ದು ನಿಂತು ಪ್ರಶ್ನೆ ಕೇಳುವ ಧೈರ್ಯ ನಲವತ್ತಕ್ಕೆ ದಿಢೀರನೆ ಬರೋದಿಲ್ಲ, ಹದಿನಾಲ್ಕಕ್ಕೇ ಬಿತ್ತಬೇಕು. ನಿರ್ದೇಶಕರಾದ ನಮ್ಮನ್ನೇ ಮೊದಲು ಕೇಳಲಿ.

ಆದ್ದರಿಂದ ನಮ್ಮದೊಂದು ಸಲಹೆ: ಮುಂದಿನ ಮಹಾಸಭೆಗೆ 9 ಮತ್ತು 10ನೇ ತರಗತಿ ಮಕ್ಕಳನ್ನು ಮೇಷ್ಟ್ರ ಜೊತೆ ಕರೆಸಿ, ಮುಂದಿನ ಸಾಲಿನಲ್ಲೇ ಕೂರಿಸೋಣ. ಠರಾವು ಹೇಗೆ ಆಗುತ್ತದೆ ನೋಡಲಿ. ಸುವರ್ಣ ಮಹೋತ್ಸವದ ಹೊತ್ತಿಗೆ ಸಂಘ ನಡೆಸುವವರು ಅವರೇ.