ಸಭೆ ಇಟ್ಟ ಹೆಸರು, ಬೀದಿ ಉಳಿಸಿದ ಹೆಸರು

ದಾವಣಗೆರೆಗೆ ಹೊಸದಾಗಿ ಬಂದವರು ಯಾರನ್ನಾದರೂ ದಾರಿ ಕೇಳಿದರೆ ಸಿಗುವ ಉತ್ತರದಲ್ಲಿ ರಾಮ್ ಅಂಡ್ ಕೋ ವೃತ್ತ, ಹೊಂಡದ ವೃತ್ತ, ಹಗೇದಿಬ್ಬ, ಪಿ.ಬಿ. ರಸ್ತೆ, ಸಿ.ಜಿ. ಆಸ್ಪತ್ರೆ ಎಂಬ ಮಾತುಗಳು ತಪ್ಪದೆ ಬರುತ್ತವೆ. ಇವುಗಳಲ್ಲಿ ಒಂದು ವ್ಯಾಪಾರಿ ಸಂಸ್ಥೆಯ ಹೆಸರು, ಒಂದು ನೀರಿನ ಹೊಂಡದ್ದು, ಒಂದು ನೆಲದೊಳಗೆ ಧಾನ್ಯ ತುಂಬಿಡುತ್ತಿದ್ದ ಕಾಲದ್ದು, ಮತ್ತೊಂದು ಎರಡು ದೂರದ ನಗರಗಳನ್ನು ಬೆಸೆದ ಹೆದ್ದಾರಿಯದ್ದು. ಕೊನೆಯದು ದಾನಿ ಮನೆತನವೊಂದರದ್ದು. ಒಂದೇ ಊರಿನಲ್ಲಿ ಇಷ್ಟು ಬಗೆಯ ಹೆಸರುಗಳು ಅಕ್ಕಪಕ್ಕದಲ್ಲೇ ನಿಂತಿರುವುದು ಆಕಸ್ಮಿಕವಲ್ಲ. ಊರು ಬೆಳೆದ ಪ್ರತಿ ಹಂತದಲ್ಲೂ ಆಗ ಯಾರ ಕೈ ಮೇಲಾಗಿತ್ತೋ ಅವರ ಗುರುತು ಹೆಸರಿನ ರೂಪದಲ್ಲಿ ಉಳಿದುಕೊಂಡಿದೆ. ಬರೆದಿಟ್ಟ ಚರಿತ್ರೆ ಕಡಿಮೆ ಇರುವ ನಮ್ಮ ನಡುಗಾತ್ರದ ಪಟ್ಟಣಗಳಿಗೆ ಬೀದಿಯ ಹೆಸರುಗಳೇ ದಫ್ತರ. ಆದ್ದರಿಂದ ಹೆಸರು ಬದಲಿಸುವುದೆಂದರೆ ಆ ದಫ್ತರದ ಒಂದು ಹಾಳೆ ತೆಗೆದಂತೆ.

ನೀರು ಕೊಟ್ಟ ಹೆಸರು

ಈ ಸೀಮೆಯ ಅತ್ಯಂತ ಹಳೆಯ ಹೆಸರುಗಳನ್ನು ಕೊಟ್ಟದ್ದು ನೀರು. ಹರಿಹರವನ್ನು ಶಾಸನಗಳು ಕೂಡಲೂರು ಎಂದು ಕರೆದಿವೆ. ಹರಿದ್ರಾ ಎಂಬ ಹಳ್ಳ ಇಲ್ಲಿ ತುಂಗಭದ್ರೆಯನ್ನು ಕೂಡುವುದರಿಂದ ಅದು ಕೂಡಲು, ಅಲ್ಲಿಯ ಊರು ಕೂಡಲೂರು. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಕೀರ್ತಿ ಹಬ್ಬಿದಂತೆ ದೇವರ ಹೆಸರೇ ಊರಿನ ಹೆಸರಾಗಿ ನಿಂತಿತು. ಅರ್ಧ ಹರಿ, ಅರ್ಧ ಹರನಾಗಿರುವ ಆ ಮೂರ್ತಿಯ ಹೆಸರು ವೈಷ್ಣವ-ಶೈವ ಎರಡೂ ಪಂಥಗಳಿಗೆ ಒಪ್ಪಿಗೆಯಾಗುವಂಥದ್ದು. ಎರಡು ನೀರು ಕೂಡುವಲ್ಲಿ ಎರಡು ದೇವರು ಕೂಡಿದ ಹೆಸರು ಬಂದದ್ದು ಸೊಗಸಾದ ಹೊಂದಾಣಿಕೆ.

ಹರಿದ್ರಾ ಹಳ್ಳದ ಜಾಡು ಹಿಡಿದು ಹಿಂದಕ್ಕೆ ಹೋದರೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಸಿಗುತ್ತದೆ. ಹೆಸರಿಡುವ ವಿಚಾರದಲ್ಲಿ ಅದರ ಐತಿಹ್ಯಕ್ಕಿಂತ ಒಳ್ಳೆಯ ಕಥೆ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಶಾಂತವ್ವೆ ಎಂಬ ರಾಜಕುಮಾರಿ ಕೆರೆ ಕಟ್ಟಿಸಲು ಹೊರಟಾಗ ಅದಕ್ಕೆ ಬೇಕಾದ ನೆಲದಲ್ಲಿ ಗಣಿಕೆಯರ ಕೇರಿಯೂ ಸೇರಿತ್ತಂತೆ. ಕೆರೆಗೆ ತಮ್ಮ ಹೆಸರಿಡುವುದಾದರೆ ಮಾತ್ರ ನೆಲ ಬಿಡುತ್ತೇವೆ ಎಂದು ಅವರು ಷರತ್ತು ಹಾಕಿದರಂತೆ. ಕಥೆ ನಿಜವೋ ಅಲ್ಲವೋ, ಅದರ ಹಿಂದಿನ ತಿಳಿವಳಿಕೆ ನಿಜ: ನೆಲ ಕಳೆದುಕೊಂಡವರಿಗೆ ಕೊನೆಗೆ ಉಳಿಯುವುದು ಹೆಸರು. ಮುಂದೆ ಮರ್ಯಾದಸ್ಥ ಕಿವಿಗಳಿಗೆ ಆ ಪದ ಹಿತವೆನಿಸಲಿಲ್ಲ. ಶಾಂತಿಸಾಗರ ಎಂಬ ಹೆಸರು ಕಾಗದಪತ್ರಗಳಿಗೆ ಬಂತು. ಆದರೆ ಜನರ ಬಾಯಲ್ಲಿ ಅದು ಸೂಳೆಕೆರೆಯಾಗಿಯೇ ಇದೆ. ಹರಿಹರದವರು ಹರಿದ್ರೆಯನ್ನೂ ಸೂಳೆಕೆರೆ ಹಳ್ಳ ಎನ್ನುತ್ತಾರೆ.

ದಾವಣಗೆರೆಯ ಹೆಸರಿನ ತುದಿಯಲ್ಲೂ ಕೆರೆಯೇ ಇದೆ. ಮೊದಲ ಭಾಗಕ್ಕೆ ದನಕರು, ಕುದುರೆಗಳನ್ನು ಕಟ್ಟುವ ದಾವಣಿಯನ್ನು ಜೋಡಿಸಿ ಅರ್ಥ ಹೇಳುವುದುಂಟು. ನೀರಿನ ಹೆಸರಿಡುವ ರೂಢಿ ಇಂದಿಗೂ ನಿಂತಿಲ್ಲ, ದಿಕ್ಕು ಮಾತ್ರ ತಿರುಗಿದೆ. ಹಿಂದೆ ಕೆರೆಯಿಂದ ಊರಿಗೆ ಹೆಸರು ಬರುತ್ತಿತ್ತು. ಈಗ ಊರಿಗೆ ಕುಡಿಯುವ ನೀರು ಕೊಡುವ ಕೆರೆಯೊಂದಕ್ಕೆ ಟಿ.ವಿ. ಸ್ಟೇಷನ್ ಕೆರೆ ಎಂಬ ಹೆಸರಿದೆ.

ಪೇಟೆಯ ಲೆಕ್ಕಪುಸ್ತಕ

ದಾವಣಗೆರೆ ಮೊದಲಿಗೆ ಬೇತೂರಿನ ಅಂಚಿನ ಚಿಕ್ಕ ಹಳ್ಳಿ. ಹೈದರಾಲಿಯು ಅದನ್ನು ಅಪ್ಪೋಜಿರಾಮ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ ಮೇಲೆ ಆತ ವ್ಯಾಪಾರಿಗಳನ್ನು ಕರೆಸಿ ನೆಲೆಗೊಳಿಸಿದ. ಅಲ್ಲಿಂದ ಮುಂದೆ ಊರಿನ ಚರಿತ್ರೆಯೆಂದರೆ ವ್ಯಾಪಾರದ ಚರಿತ್ರೆ. ಹಳೆಯ ಬೀದಿಗಳ ಹೆಸರುಗಳನ್ನು ಒಂದಾದ ಮೇಲೊಂದು ಓದಿದರೆ ಅದೊಂದು ಲೆಕ್ಕಪುಸ್ತಕದಂತೆ ಕಾಣುತ್ತದೆ. ಸಗಟು ಮಾರಾಟದ ಮಂಡಿಗಳಿದ್ದುದು ಮಂಡಿಪೇಟೆ. ಚೌಕಿ ಎಂದರೆ ಕಾವಲುಕಟ್ಟೆ, ಆ ಪದ ಚೌಕಿಪೇಟೆಯಲ್ಲಿ ಉಳಿದಿದೆ. ಮದ್ರಾಸು, ಬೆಂಗಳೂರುಗಳಲ್ಲಿ ದೊಡ್ಡ ಗಿರಣಿಗಳನ್ನು ನಡೆಸಿದ ಬಿನ್ನಿ ಕಂಪನಿಯ ಹೆಸರು ಇಲ್ಲಿಯ ಒಂದು ರಸ್ತೆಗಿದೆ.

ಇವೆಲ್ಲಕ್ಕಿಂತ ಅರ್ಥವತ್ತಾದದ್ದು ಹಗೇದಿಬ್ಬ. ಹಗೇವು ಎಂದರೆ ಜೋಳವನ್ನು ವರ್ಷಗಟ್ಟಲೆ ಕೆಡದಂತೆ ಇಡಲು ನೆಲದಲ್ಲಿ ತೋಡುತ್ತಿದ್ದ ಕಣಜ. ಬಾಯಿ ಕಿರಿದು, ಒಳಗೆ ಅಗಲ. ನೀರು ನಿಲ್ಲದ ಎತ್ತರದ ನೆಲವೇ ಅದಕ್ಕೆ ಬೇಕು, ಆದ್ದರಿಂದ ದಿಬ್ಬ. ಬರಗಾಲದ ಹೆದರಿಕೆ ಸದಾ ಇದ್ದ ಬಯಲುಸೀಮೆಯ ಮುಂಜಾಗ್ರತೆ ಆ ನಾಲ್ಕಕ್ಷರದಲ್ಲಿ ಅಡಗಿದೆ. ಇಂದು ಅಲ್ಲಿ ಓಡಾಡುವ ಮಕ್ಕಳು ಹಗೇವನ್ನು ಕಂಡಿರಲಿಕ್ಕಿಲ್ಲ. ಹೆಸರು ಇರುವವರೆಗೆ ಯಾರಾದರೊಬ್ಬರು ‘ಹಗೇ ಎಂದರೇನು?’ ಎಂದು ಕೇಳಬಹುದು. ಹೆಸರು ಹೋದರೆ ಪ್ರಶ್ನೆಯೂ ಹೋಗುತ್ತದೆ.

ದಾನಿಗಳು, ಮಠಗಳು, ಮುಖಂಡರು

ವ್ಯಾಪಾರದಲ್ಲಿ ಹಣ ಮಾಡಿದವರು ಆ ಹಣದ ಒಂದು ಪಾಲನ್ನು ಛತ್ರ, ಶಾಲೆ, ಆಸ್ಪತ್ರೆಗಳಿಗೆ ಕೊಟ್ಟರು. ಹೀಗೆ ಹೆಸರುಗಳ ಇನ್ನೊಂದು ಪದರ ಬಂತು. ಚಿಗಟೇರಿ ಜನರಲ್ ಆಸ್ಪತ್ರೆ, ರಾಜನಹಳ್ಳಿ ಹನುಮಂತಪ್ಪ ಛತ್ರ, ರಾಜನಹಳ್ಳಿ ಸೀತಮ್ಮ ಬಾಲಕಿಯರ ಶಾಲೆ, ಮೋತಿ ವೀರಪ್ಪ ಕಾಲೇಜು, ಎ.ವಿ. ಕಮಲಮ್ಮ ಮಹಿಳಾ ಕಾಲೇಜು ಇದಕ್ಕೆ ಉದಾಹರಣೆಗಳು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಚಿಗಟೇರಿ ಹರಪನಹಳ್ಳಿ ತಾಲ್ಲೂಕಿನ ಊರು, ರಾಜನಹಳ್ಳಿ ಹರಿಹರ ತಾಲ್ಲೂಕಿನದು. ವ್ಯಾಪಾರಕ್ಕೆಂದು ಪೇಟೆಗೆ ಬಂದ ಮನೆತನಗಳು ತಮ್ಮ ಹಳ್ಳಿಯ ಹೆಸರನ್ನು ಮನೆಯ ಹೆಸರಾಗಿ ಹೊತ್ತು ತಂದವು. ಪೇಟೆಯ ಕಟ್ಟಡಗಳ ಮೇಲೆ ಸುತ್ತಲಿನ ಹಳ್ಳಿಗಳ ನಕ್ಷೆಯೇ ಮೂಡಿತು.

ಮಠಗಳ ಪಾಲೂ ಸಣ್ಣದಲ್ಲ. ಚಿತ್ರದುರ್ಗದ ಮುರುಘಾಮಠದ ಜಯದೇವ ಸ್ವಾಮಿಗಳ ಹೆಸರು ಜಯದೇವ ವೃತ್ತದಲ್ಲಿದೆ, 1965ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜಿನಲ್ಲೂ ಇದೆ. ಕಣ್ಣಿನ ಶಿಬಿರಗಳಿಗೆ ಹೆಸರಾದ ಡಾ. ಎಂ.ಸಿ. ಮೋದಿ ಅವರ ಹೆಸರಿನ ವೃತ್ತವೂ ಉಂಟು. ಗಿರಣಿ ಕಾರ್ಮಿಕರ ಚಳವಳಿ ಬಲವಾಗಿದ್ದ ಊರಾದ್ದರಿಂದ ಲೆನಿನ್ ನಗರವಿದೆ. ಇಲ್ಲಿಂದ ಶಾಸಕರಾಗಿದ್ದ ಕಮ್ಯುನಿಸ್ಟ್ ಮುಖಂಡ ಪಂಪಾಪತಿಯವರ ಹೆಸರಿನ ಭವನವಿದೆ. ವಿನೋಬನಗರ, ಆಜಾದ್ ನಗರ, ದೇವರಾಜ ಅರಸು ಬಡಾವಣೆ, ಶಾಮನೂರು ಶಿವಶಂಕರಪ್ಪ ಬಡಾವಣೆಗಳು ಸ್ವಾತಂತ್ರ್ಯಾನಂತರದ ರಾಜಕೀಯದ ಕಾಲಾನುಕ್ರಮಣಿಕೆಯಂತಿವೆ. 1997ರ ಆಗಸ್ಟ್ 15ರಂದು ದಾವಣಗೆರೆಯನ್ನು ಜಿಲ್ಲೆಯಾಗಿಸಿದ ಮುಖ್ಯಮಂತ್ರಿ ಜೆ.ಎಚ್. ಪಟೇಲರ ಹೆಸರಿನ ಬಡಾವಣೆಯೂ ಸೇರಿಕೊಂಡಿದೆ. ಒಬ್ಬ ಸೀತಮ್ಮ, ಒಬ್ಬ ಕಮಲಮ್ಮನವರನ್ನು ಬಿಟ್ಟರೆ ಈ ಸಾಲಿನಲ್ಲಿ ಹೆಂಗಸರು ವಿರಳ. ಗಿರಣಿಯಲ್ಲಿ, ಮಂಡಿಯಲ್ಲಿ ದುಡಿದ ಹೆಣ್ಣುಮಕ್ಕಳ ಸಂಖ್ಯೆಯನ್ನು ನೆನೆದರೆ ಈ ಕೊರತೆ ಇನ್ನೂ ಎದ್ದು ಕಾಣುತ್ತದೆ.

ಗೌರವಕ್ಕೆಂದು ಇಟ್ಟ ಹೆಸರಿಗೆ ಒಂದು ವಿಚಿತ್ರ ಗತಿ ಕಾದಿರುತ್ತದೆ. ಹೆಸರು ಉದ್ದವಾದಷ್ಟೂ ಜನ ಅದನ್ನು ಮೊಟಕು ಮಾಡುತ್ತಾರೆ. ಚಿಗಟೇರಿ ಸಿ.ಜಿ. ಆಯಿತು. ಜಗದ್ಗುರು ಜಯದೇವ ಮುರುಘರಾಜೇಂದ್ರ ವೈದ್ಯಕೀಯ ಕಾಲೇಜು ಜೆ.ಜೆ.ಎಂ. ಆಯಿತು. ಶಾಮನೂರು ಶಿವಶಂಕರಪ್ಪ ಬಡಾವಣೆ ಎಸ್.ಎಸ್. ಬಡಾವಣೆಯಾಯಿತು. ಕೃಷ್ಣರಾಜ ಎಂಬ ಅರಸು ಹೆಸರು ಮಾರುಕಟ್ಟೆಯ ಗದ್ದಲದಲ್ಲಿ ಕೆ.ಆರ್. ಎಂದಷ್ಟೇ ಉಳಿಯಿತು. ಒಂದೆರಡು ತಲೆಮಾರು ಕಳೆದರೆ ಅಕ್ಷರ ಉಳಿದು ವ್ಯಕ್ತಿ ಮರೆಯಾಗುತ್ತಾನೆ. ಹೊಂಡ, ಹಗೇದಿಬ್ಬಗಳಿಗೆ ಈ ಅಪಾಯವಿಲ್ಲ. ಅವು ಹುಟ್ಟಿದ್ದೇ ಜನರ ಬಾಯಲ್ಲಿ, ಬಾಯಿಗೆ ಒಗ್ಗುವ ಅಳತೆಯಲ್ಲಿ.

ವಸ್ತು ಹೋದರೂ ಹೆಸರು

ಹರಿಹರದ ಯಂತ್ರಪುರದ ಕಥೆ ಬೇರೆ ಬಗೆಯದು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಹರಿಹರದಲ್ಲಿ ಲೇತ್ ಮುಂತಾದ ಯಂತ್ರೋಪಕರಣಗಳ ಕಾರ್ಖಾನೆ ತೆರೆಯಿತು. ಮಹಾರಾಷ್ಟ್ರದಲ್ಲಿ ಕಿರ್ಲೋಸ್ಕರರ ಕಾರ್ಖಾನೆಯ ಸುತ್ತ ಬೆಳೆದ ಊರು ಕಿರ್ಲೋಸ್ಕರವಾಡಿಯಾಗಿತ್ತು. ಇಲ್ಲಿ ಮನೆತನದ ಬದಲು ಯಂತ್ರಕ್ಕೇ ಪಟ್ಟ ಕಟ್ಟಿ ಯಂತ್ರಪುರ ಎಂದು ಕರೆದರು. ಸಂಸ್ಥೆಯ ಹೆಸರಿನಲ್ಲಿದ್ದ ‘ಮೈಸೂರು’ ನಗರವಲ್ಲ, ರಾಜ್ಯ. ಆಗ ಹರಿಹರ ಮೈಸೂರು ಸಂಸ್ಥಾನದ ಗಡಿಯ ಊರು; ಹೊಳೆಯ ಆಚೆ ಮುಂಬಯಿ ಪ್ರಾಂತ. 1956ರಲ್ಲಿ ಎರಡೂ ದಡ ಒಂದೇ ರಾಜ್ಯಕ್ಕೆ ಸೇರಿದವು, 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. ಕಂಪನಿ ಹಳೆಯ ಹೆಸರಿನಲ್ಲೇ ಮುಂದುವರಿಯಿತು. ಆಚೆ ದಡದಲ್ಲಿ, ರಾಣೆಬೆನ್ನೂರು ತಾಲ್ಲೂಕಿನಲ್ಲಿ ಎದ್ದ ನಾರಿನ ಕಾರ್ಖಾನೆ ಹರಿಹರ ಪಾಲಿಫೈಬರ್ಸ್ ಎಂದು ಈಚೆ ದಡದ ಊರಿನ ಹೆಸರನ್ನು ಇಟ್ಟುಕೊಂಡಿತು. ಕಿರ್ಲೋಸ್ಕರ್ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಮುಚ್ಚಿತು. ಸಾವಿರಾರು ಸಂಸಾರಗಳ ಅನ್ನ ಹೋಯಿತು. ಯಂತ್ರದ ಸದ್ದಿಲ್ಲದಿದ್ದರೂ ಯಂತ್ರಪುರ ಎಂಬ ಹೆಸರು ಉಳಿದಿದೆ. ದುಡಿದವರಿಗೆ ಅದು ವಿಳಾಸವೂ ಹೌದು, ದುಡಿಮೆಯ ಸಾಕ್ಷಿಯೂ ಹೌದು.

ದಾವಣಗೆರೆಯಲ್ಲಿ ಡಿಸಿಎಂ ಟೌನ್‌ಷಿಪ್ ಇದಕ್ಕೆ ಜೋಡಿ. ಅದು ಉಪ ಮುಖ್ಯಮಂತ್ರಿಯ ಹೆಸರಲ್ಲ. ದಾವಣಗೆರೆ ಕಾಟನ್ ಮಿಲ್ಸ್‌ನ ಹ್ರಸ್ವರೂಪ. ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುವಂತೆ ಮಾಡಿದ ಗಿರಣಿಗಳ ಕಾಲ ಮುಗಿದಿದೆ, ಮೂರಕ್ಷರ ನಿಂತಿವೆ. ಪಿ.ಬಿ. ರಸ್ತೆಯದೂ ಅದೇ ಕಥೆ. ಪೂನಾ ಪುಣೆಯಾಯಿತು. 2014ರ ನವೆಂಬರ್ 1ರಂದು ಬ್ಯಾಂಗಲೂರು ಇಂಗ್ಲಿಷಿನಲ್ಲೂ ಬೆಂಗಳೂರಾಯಿತು. ಹೆದ್ದಾರಿ ಊರ ಹೊರಗೆ ಸರಿಯಿತು, ಅದರ ಸಂಖ್ಯೆ 4 ಹೋಗಿ 48 ಆಯಿತು. ಇಷ್ಟಾದರೂ ಊರೊಳಗಿನ ರಸ್ತೆ ಪೂನಾ-ಬೆಂಗಳೂರು ರಸ್ತೆಯೇ.

ಫಲಕ ಮತ್ತು ಬಾಯಿ

ಹೆಸರಿಡುವ ಅಧಿಕಾರ ನಗರಸಭೆ, ಪಾಲಿಕೆಗಳದ್ದು. ಯಾರೋ ಮನವಿ ಕೊಡುತ್ತಾರೆ, ಸಭೆಯಲ್ಲಿ ವಿಷಯ ಬರುತ್ತದೆ, ನಿರ್ಣಯವಾಗುತ್ತದೆ, ಫಲಕ ಏಳುತ್ತದೆ. ಫಲಕ ನೆಟ್ಟ ಮಾತ್ರಕ್ಕೆ ಹೆಸರು ನೆಡುವುದಿಲ್ಲ ಎಂಬುದಕ್ಕೆ ಜಗತ್ತಿನಲ್ಲೆಲ್ಲ ನಿದರ್ಶನಗಳಿವೆ. ಬೆಂಗಳೂರಿನ ಕಬ್ಬನ್ ಪಾರ್ಕಿಗೆ 1927ರಲ್ಲೇ ಚಾಮರಾಜೇಂದ್ರ ಉದ್ಯಾನ ಎಂದು ಹೆಸರಿಡಲಾಯಿತು. ಜನ ಇಂದಿಗೂ ಕಬ್ಬನ್ ಪಾರ್ಕ್ ಎನ್ನುತ್ತಾರೆ. ನ್ಯೂಯಾರ್ಕಿನ ಆರನೆಯ ಅವೆನ್ಯೂ 1945ರಲ್ಲಿ ಅಮೆರಿಕಾಗಳ ಅವೆನ್ಯೂ ಆಯಿತು. ಅಲ್ಲಿಯ ಜನ ಆರನೆಯದು ಎಂದೇ ಕರೆಯುತ್ತಾರೆ. ಹೊಸ ಹೆಸರು ನಿಲ್ಲುವುದು ಸಾಮಾನ್ಯವಾಗಿ ಹೊಸ ಜಾಗದಲ್ಲಿ. ಬರಿ ನೆಲವಾಗಿದ್ದ ಕಡೆ ಬಡಾವಣೆ ಎದ್ದಾಗ ಇಟ್ಟ ದೇವರಾಜ ಅರಸರ ಹೆಸರು ಸಲೀಸಾಗಿ ನಿಂತಿತು. ಮೊದಲೇ ಹೆಸರಿದ್ದ ಜಾಗದಲ್ಲಿ ಇನ್ನೊಂದನ್ನು ಹೇರಿದರೆ ಗೌರವಕ್ಕೆ ಪಾತ್ರರಾದವರಿಗೂ ನ್ಯಾಯವಾಗುವುದಿಲ್ಲ. ಅವರ ಹೆಸರು ಫಲಕದಲ್ಲಷ್ಟೇ ಉಳಿಯುತ್ತದೆ.

ಊರುಗಳ ಹೆಸರಿನ ಬದಲಾವಣೆಗೆ ಕೇಂದ್ರ ಗೃಹ ಸಚಿವಾಲಯ 1953ರಲ್ಲೇ ಸೂಚನೆಗಳನ್ನು ಕೊಟ್ಟಿತ್ತು. ಇತಿಹಾಸದ ನಂಟಿರುವ ಹೆಸರುಗಳನ್ನು ಸಾಧ್ಯವಾದಷ್ಟೂ ಬದಲಿಸಬಾರದು ಎಂಬುದು ಅದರ ತಿರುಳು. ಬೀದಿ, ವೃತ್ತ, ಉದ್ಯಾನಗಳಿಗೆ ಆ ಸೂಚನೆ ಅನ್ವಯಿಸದಿದ್ದರೂ ಅದರ ವಿವೇಕ ಅನ್ವಯಿಸುತ್ತದೆ.

ಹಾಗೆಂದು ಹೊಸ ಹೆಸರು ಬೇಡವೆಂದಲ್ಲ. ಹೊಸ ಬಡಾವಣೆಗಳಲ್ಲಿ ಒಂದನೇ ಮುಖ್ಯರಸ್ತೆ, ಎರಡನೇ ಅಡ್ಡರಸ್ತೆ ಎಂಬ ಅಂಕಿಗಳೇ ತುಂಬಿವೆ, ಹೆಸರಿಲ್ಲದ ಉದ್ಯಾನಗಳೂ ಇವೆ. ಈವರೆಗೆ ಪಟ್ಟಿಯಲ್ಲಿ ಸ್ಥಾನ ಸಿಗದ ಹೆಂಗಸರನ್ನು, ಕಾರ್ಮಿಕರನ್ನು, ಮೇಷ್ಟರನ್ನು ನೆನೆಯಲು ಅಲ್ಲಿ ಬೇಕಾದಷ್ಟು ಜಾಗವಿದೆ. ಹಳೆಯ ಜಾಗಗಳಿಗೆ ಬೇಕಾಗಿರುವುದು ಹೊಸ ಹೆಸರಲ್ಲ, ಇರುವ ಹೆಸರಿನ ಅರ್ಥ. ಸಿ.ಜಿ. ಎಂಬ ಎರಡಕ್ಷರದ ಕೆಳಗೆ ಚಿಗಟೇರಿ ಎಂದು ಬಿಡಿಸಿ ಬರೆದು, ಹಗೇದಿಬ್ಬದ ಫಲಕದಲ್ಲಿ ಹಗೇವೆಂದರೆ ಏನೆಂದು ಎರಡು ಸಾಲು ಸೇರಿಸಿದರೆ ಖರ್ಚು ಹೆಚ್ಚಾಗದು. ನಾಮಕರಣದ ಮನವಿ ಸಭೆಯ ಮುಂದೆ ಬಂದಾಗ, ಯಾರ ಹೆಸರಿಡಬೇಕು ಎಂಬುದಕ್ಕಿಂತ ಮೊದಲು ಆ ಜಾಗವನ್ನು ಜನ ಈಗ ಏನೆಂದು ಕರೆಯುತ್ತಾರೆ, ಏಕೆ ಎಂದು ಕೇಳುವುದು ಒಳಿತು.